‘ಹಳೇ ತೆರಿಗೆ’ ಎಂಬ ಹೆಸರಿನ ಫೈಲು

ನನ್ನ ಲ್ಯಾಪ್‌ಟಾಪಿನಲ್ಲಿ ‘ಹಳೇ ತೆರಿಗೆ’ ಎಂಬ ಹೆಸರಿನ ಒಂದು ಎಕ್ಸೆಲ್ ಫೈಲಿದೆ. ತೆರಿಗೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಯಾರಿಗೂ ತೆರೆದು ನೋಡುವ ಮನಸ್ಸಾಗಬಾರದೆಂದೇ ಅಂಥ ನೀರಸ ಹೆಸರಿಟ್ಟಿದ್ದೆ. ಅದರಲ್ಲಿರುವುದು ಕುಡಿತ ಬಿಡಲು ನೆರವಾಗುವ ಗುಂಪುಗಳ ಪಟ್ಟಿ. ಯಾವ ಗುಂಪು, ಯಾವ ವಾರ, ಎಷ್ಟು ಗಂಟೆಗೆ, ಮನೆಯಿಂದ ಎಷ್ಟು ದೂರ, ದೇವರ ಮಾತು ಬರುತ್ತದೋ ಇಲ್ಲವೋ, ಹೆಂಗಸರು ಇರುತ್ತಾರೋ ಇಲ್ಲವೋ. ಕೊನೆಯ ಕಾಲಮ್ಮಿನ ತಲೆಬರಹ ‘ಹೋದ ದಿನಾಂಕ’. ಎಂಟು ತಿಂಗಳು ಆ ಕಾಲಮ್ಮು ಖಾಲಿಯೇ ಇತ್ತು.

ನಾನು ಲೆಕ್ಕಪತ್ರದ ಕೆಲಸದವಳು. ಕೈಗೆ ಸಿಗದ ವಿಷಯ ಎದುರಾದರೆ ಮೊದಲು ಮಾಡುವ ಕೆಲಸವೇ ಪಟ್ಟಿ. ರಾತ್ರಿ ಮಗಳು ಮಲಗಿ, ಇವರು ಟಿವಿಯ ಮುಂದೆ ತೂಕಡಿಸಲು ಶುರುಮಾಡಿದ ಮೇಲೆ ನಾನು ಊಟದ ಮೇಜಿಗೆ ಬಂದು ಕೂರುತ್ತಿದ್ದೆ. ಪಕ್ಕದಲ್ಲಿ ಸ್ಟೀಲಿನ ಫ್ಲಾಸ್ಕು. ಒಳಗಿರುವುದರ ಬಣ್ಣ ಹೊರಗೆ ಕಾಣದು ಎನ್ನುವುದೇ ಅದರ ದೊಡ್ಡ ಗುಣ. ಕುಡಿಯುತ್ತ ಕುಡಿಯುತ್ತಲೇ ಕುಡಿತ ಬಿಡುವುದರ ಬಗ್ಗೆ ಓದುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ ‘ಆಡಿಟ್’ ಎಂಬ 10 ಪ್ರಶ್ನೆಗಳ ಪರೀಕ್ಷೆಯೊಂದಿದೆ. ಹೆಸರು ನೋಡಿಯೇ ನನಗೆ ಆಪ್ತವೆನಿಸಿತ್ತು. 40ಕ್ಕೆ 20 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಕುಡಿತ ನಿಮ್ಮನ್ನು ಹಿಡಿದಿರುವ ಸಾಧ್ಯತೆ ಹೆಚ್ಚು ಎಂದು ಅರ್ಥ. ನನಗೆ 24 ಬಂತು. ಮರುಮೌಲ್ಯಮಾಪನಕ್ಕೆ ಹಾಕಿದೆ. ‘ವಾರಕ್ಕೊಮ್ಮೆ’ ಎನ್ನುವಲ್ಲಿ ‘ತಿಂಗಳಿಗೊಮ್ಮೆ’ ಮಾಡಿ, ಇನ್ನೊಂದೆರಡು ಕಡೆ ನೆನಪಿಲ್ಲ ಎಂದುಕೊಂಡು, 19ಕ್ಕೆ ಇಳಿಸಿ ಮಲಗಿದೆ. ಆಫೀಸಿನಲ್ಲಿ ಬೇರೆಯವರ ಲೆಕ್ಕದಲ್ಲಿ ಇಂಥ ತಿದ್ದುಪಡಿ ಕಂಡರೆ ನಾನು ಸುಮ್ಮನೆ ಬಿಡುವವಳಲ್ಲ.

ಆ ಎಂಟು ತಿಂಗಳಲ್ಲಿ ನಾನು ಏನೇನು ಕಲಿತೆ ಅಂತೀರಿ! 1840ರಲ್ಲಿ ಬಾಲ್ಟಿಮೋರ್ ಎಂಬ ಊರಿನ ಪಾನಗೃಹವೊಂದರಲ್ಲಿ ಕುಳಿತ ಆರು ಮಂದಿ ಕುಡುಕರು ಇನ್ನು ಕುಡಿಯುವುದಿಲ್ಲವೆಂದು ತಮ್ಮತಮ್ಮಲ್ಲೇ ಆಣೆ ಮಾಡಿಕೊಂಡದ್ದು, ಅದು ಕಾಳ್ಗಿಚ್ಚಿನಂತೆ ಹಬ್ಬಿ ಕೆಲವೇ ವರ್ಷಗಳಲ್ಲಿ ರಾಜಕೀಯಕ್ಕೂ ಜಗಳಕ್ಕೂ ಸಿಕ್ಕಿ ಇಲ್ಲವಾದದ್ದು. ಎ.ಎ. ಎಂದು ಎಲ್ಲರೂ ಕರೆಯುವ ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಇಬ್ಬರಿಂದ ಶುರುವಾದದ್ದು. ಎ.ಎ.ಯವರು ಹೇಳುವ ‘ಮೇಲಿನ ಶಕ್ತಿ’ಯ, ಅಂದರೆ ದೇವರಂಥದ್ದರ, ಮಾತು ಒಗ್ಗದವರಿಗಾಗಿ, ಯೋಚನೆಯ ದಾರಿಯನ್ನೇ ತಿದ್ದಿಕೊಳ್ಳುವ ಸ್ಮಾರ್ಟ್ ರಿಕವರಿ ಎಂಬ ಸಂಸ್ಥೆ 1994ರಲ್ಲಿ ಬಂದದ್ದು. ಎ.ಎ.ಯ ಮಾತೆಲ್ಲ ಗಂಡಸರ ಅಹಂಕಾರ ಮುರಿಯಲು ಮಾಡಿದ್ದು, ಮೊದಲೇ ಕುಗ್ಗಿಹೋದ ಹೆಣ್ಣಿಗೆ ಬೇಕಿರುವುದು ಬೇರೆ ಎಂದು ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬಾಕೆ 1975ರಲ್ಲಿ ಹೆಂಗಸರದ್ದೇ ಗುಂಪು ಕಟ್ಟಿದ್ದು. ಎಲ್ಲಕ್ಕೂ ಒಂದೊಂದು ಸಾಲು, ಒಂದೊಂದು ಬಣ್ಣ.

ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಎಂಬ ಸಂಸ್ಥೆಯವರು 2020ರಲ್ಲಿ 27 ಅಧ್ಯಯನಗಳನ್ನು, ಅಂದರೆ 10,565 ಜನರ ಕಥೆಯನ್ನು, ಒಟ್ಟು ಹಾಕಿ ತೂಗಿ ನೋಡಿದ್ದೂ ನನ್ನ ಫೈಲಿನಲ್ಲಿತ್ತು. ಎ.ಎ.ಗೆ ಹೋಗುವಂತೆ ಕ್ರಮವಾಗಿ ಕೈಹಿಡಿದು ನಡೆಸಿದವರಲ್ಲಿ ಒಂದು ವರ್ಷದ ಕೊನೆಗೆ ಒಂದು ಹನಿಯೂ ಮುಟ್ಟದೆ ಉಳಿದವರು ಶೇ. 42. ಬೇರೆ ಬಗೆಯ ಆಪ್ತಸಮಾಲೋಚನೆ ಪಡೆದವರಲ್ಲಿ ಶೇ. 35. ನಾನು ಆ ಅಂಕಿಯನ್ನು ಹೇಗೆ ಓದಿದೆ ಗೊತ್ತೆ? ‘ಅಂದರೆ ನೂರಕ್ಕೆ 58 ಮಂದಿಗೆ ಆಗಲಿಲ್ಲ. ಹೋಗಿ ಏನು ಪ್ರಯೋಜನ?’ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

ಹುಡುಕುವುದು ಕೂಡ ನನ್ನ ಕುಡಿತದ್ದೇ ಒಂದು ಭಾಗವಾಗಿತ್ತು. ಇದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು. ಪಟ್ಟಿ ಬೆಳೆದಷ್ಟೂ ‘ನಾನೇನು ಸುಮ್ಮನೆ ಕೂತಿಲ್ಲ’ ಎಂಬ ಸಮಾಧಾನ. ಆ ಸಮಾಧಾನದ ಮೇಲೆ ಇನ್ನೊಂದು ಲೋಟ.

ಒಮ್ಮೆ ಆನ್‌ಲೈನ್ ಮೀಟಿಂಗಿಗೂ ಹೋದೆ. ಹೋದೆ ಅನ್ನುವುದೇ ದೊಡ್ಡ ಮಾತು. ಕ್ಯಾಮೆರಾ ಆರಿಸಿ, ಮೈಕ್ ಮುಚ್ಚಿ, ಹೆಸರಿನ ಜಾಗದಲ್ಲಿ ಒಂದೇ ಅಕ್ಷರ ಹಾಕಿ ಕೂತೆ. ಆ ಕಡೆ ಯಾರೋ ತಮ್ಮ ಮೊದಲ ತಿಂಗಳ ಬಗ್ಗೆ ಹೇಳುತ್ತಿದ್ದರೆ ಈ ಕಡೆ ನಾನು ಗುಟುಕರಿಸುತ್ತಿದ್ದೆ. ಆ ದಿನಾಂಕವನ್ನು ಫೈಲಿಗೆ ಸೇರಿಸಲು ನನಗೇ ನಾಚಿಕೆಯಾಯಿತು. (ಆನ್‌ಲೈನ್ ಮೀಟಿಂಗಿನಿಂದಲೇ ಬದುಕಿಕೊಂಡವರನ್ನು ಆಮೇಲೆ ಕಂಡಿದ್ದೇನೆ. ಮನೆಯಿಂದ ಹೊರಬೀಳಲಾಗದವರಿಗೆ ಅದೊಂದು ದೊಡ್ಡ ಆಸರೆ. ನನ್ನಂಥ ಕಳ್ಳಿಗೆ ಮಾತ್ರ ಆ ಕತ್ತಲೆ ತೀರಾ ಅನುಕೂಲವಾಗಿತ್ತು.)

ಅಷ್ಟರಲ್ಲಿ ಮನೆಯಲ್ಲಿ ಒಂದು ಘಟನೆ ನಡೆಯಿತು. ಘಟನೆ ಅನ್ನುವಷ್ಟು ದೊಡ್ಡದೂ ಅಲ್ಲ. ಭಾನುವಾರ ಮಧ್ಯಾಹ್ನ ನನ್ನ ಅಕ್ಕನ ಫೋನು ಬಂತು. ನಾನು ಒಳಗೆ ಮಲಗಿದ್ದೆ, ಎಚ್ಚರವೇ ಇತ್ತು. ಒಂಬತ್ತು ವರ್ಷದ ಮಗಳು ಫೋನೆತ್ತಿ, “ಅಮ್ಮಂಗೆ ತಲೆನೋವು ದೊಡ್ಡಮ್ಮ, ಮಲ್ಗಿದಾಳೆ. ಎದ್ದ ಮೇಲೆ ಮಾಡಿಸ್ತೀನಿ” ಎಂದಳು. ದನಿಯಲ್ಲಿ ಒಂದು ಎಳೆ ತಡವರಿಕೆ ಇಲ್ಲ. ಆ ಸುಳ್ಳನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಶುಕ್ರವಾರ ನಾನೇ ನಿಲ್ಲಿಸಿಬಿಟ್ಟೆ. ಯಾರಿಗೂ ಹೇಳದೆ, ಒಂದೇ ಏಟಿಗೆ. ಶನಿವಾರ ಕೈ ನಡುಗಲು ಶುರುವಾಯಿತು. ಬೆವರು, ಓಕರಿಕೆ, ಎದೆ ಡವಡವ. ರಾತ್ರಿ ಒಂದು ರೆಪ್ಪೆ ಮುಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯಲೂ ಆಗದ ನನ್ನ ಬೆರಳು ನೋಡಿ ಇವರು ಏನೂ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮೊದಲು ಬೈದದ್ದು ಕುಡಿದದ್ದಕ್ಕಲ್ಲ, ಹೀಗೆ ನಿಲ್ಲಿಸಿದ್ದಕ್ಕೆ. ವರ್ಷಗಟ್ಟಲೆ ದಿನವೂ ಕುಡಿದ ಮೆದುಳು, ಮದ್ಯ ಸದಾ ಬ್ರೇಕ್ ಒತ್ತುತ್ತಿರುತ್ತದೆಂದು ತಾನು ಆಕ್ಸಿಲರೇಟರ್ ತುಳಿದುಕೊಂಡೇ ಇರುತ್ತದಂತೆ. ಬ್ರೇಕನ್ನು ಥಟ್ಟನೆ ಕಿತ್ತರೆ ಗಾಡಿ ಎಲ್ಲಿಗೆ ನುಗ್ಗುತ್ತದೆ? ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಕೆಲವು ದಿನ ಕಣ್ಗಾವಲಿನಲ್ಲಿಟ್ಟು, ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸಿದರು, ಥಯಮಿನ್ ಎಂಬ ಬಿ1 ವಿಟಮಿನ್ ಚುಚ್ಚಿದರು. ದಿನವೂ ಕುಡಿಯುವವರು ಇದನ್ನು ಓದುತ್ತಿದ್ದರೆ ಇದೊಂದನ್ನು ಮಾತ್ರ ದಯವಿಟ್ಟು ಕೇಳಿ: ಗುಂಪಿಗೆ ಹೋಗುವ ಮೊದಲು ಡಾಕ್ಟರ ಬಳಿ ಹೋಗಿ. ಗುಂಪಿನಲ್ಲಿ ಸಿಗುವುದು ಬೇರೆ, ಆಸ್ಪತ್ರೆಯಲ್ಲಿ ಸಿಗುವುದು ಬೇರೆ.

ಬಿಡುಗಡೆಯ ದಿನ ಡಾಕ್ಟರು, “ಹೊರಗೆ ಹೋದ ಮೇಲೆ ಯಾವುದಾದ್ರೂ ಗುಂಪಿಗೆ ಹೋಗ್ತೀರಾ?” ಎಂದರು. ನಾನು ಫೈಲಿನಲ್ಲಿದ್ದುದನ್ನೆಲ್ಲ ಒಪ್ಪಿಸಿದೆ. ಮೆಟ್ಟಿಲು 12, ಸಂಪ್ರದಾಯ 12, ಶೇ. 42, ಶೇ. 35. (ಕುಡಿತ ಬಿಡಲು ಒಬ್ಬೊಬ್ಬರೂ ಹತ್ತಬೇಕಾದ ಹಂತಗಳನ್ನು ಎ.ಎ.ಯವರು ಮೆಟ್ಟಿಲು ಎನ್ನುತ್ತಾರೆ, ಗುಂಪುಗಳು ನಡೆದುಕೊಳ್ಳಬೇಕಾದ ಕಟ್ಟಳೆಗಳನ್ನು ಸಂಪ್ರದಾಯ ಎನ್ನುತ್ತಾರೆ.) ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. “ಇಷ್ಟೆಲ್ಲ ತಿಳ್ಕೊಂಡಿದೀರಲ್ಲ. ಇದರಲ್ಲಿ ಯಾವುದಕ್ಕೆ ಹೋಗಿದ್ರಿ?”

ಮೊದಲು ಹೋದ ಎ.ಎ. ಗುಂಪು ನನಗೆ ಆಗಿಬರಲಿಲ್ಲ. ಹನ್ನೊಂದು ಗಂಡಸರು, ನಾನೊಬ್ಬಳು. ಒಬ್ಬರು ನಲವತ್ತು ನಿಮಿಷ ಮಾತಾಡಿದರು, ಯಾರೂ ತಡೆಯಲಿಲ್ಲ. ಇನ್ನೊಬ್ಬರು ನನ್ನ ಕೈಚೀಲದಲ್ಲಿದ್ದ ಮಾತ್ರೆಯ ಚೀಟಿ ನೋಡಿ, “ಮಾತ್ರೆ ತಗೊಂಡು ಬಿಡೋದು ಬಿಟ್ಟ ಹಾಗಲ್ಲಮ್ಮ” ಎಂದರು. (ಇದು ತಪ್ಪು. ಸದಸ್ಯರು ಡಾಕ್ಟರ ಕೆಲಸ ಮಾಡಕೂಡದೆಂದು ಎ.ಎ.ಯವರೇ ಬರೆದಿಟ್ಟಿದ್ದಾರೆ.) ಮುಗಿದ ಮೇಲೆ ಮತ್ತೊಬ್ಬರು ಬಾಗಿಲವರೆಗೂ ಬಂದು ಫೋನ್ ನಂಬರು ಕೇಳಿದರು. ಕೇಳಿದ ರೀತಿ ಹಿಡಿಸಲಿಲ್ಲ. ಹೊಸದಾಗಿ ಬಂದು ಕಂಗಾಲಾದವರ ಮೇಲೆ ಹಳಬರು ಕಣ್ಣು ಹಾಕುವುದಕ್ಕೆ ಆ ವಲಯದಲ್ಲಿ ‘ಹದಿಮೂರನೇ ಮೆಟ್ಟಿಲು’ ಎಂಬ ಅಡ್ಡಹೆಸರೇ ಇದೆ. ಹೆಸರಿಡುವಷ್ಟು ಮಟ್ಟಿಗೆ ಅದು ಇದೆ ಎಂದಾಯಿತಲ್ಲ. ಹೆಂಗಸರು ಹೆಂಗಸರಿಗೆ, ಗಂಡಸರು ಗಂಡಸರಿಗೆ ನಂಬರು ಕೊಡುವುದು ಅಲ್ಲಿನ ಒಳ್ಳೆಯ ರೂಢಿ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಆ ರಾತ್ರಿ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಬಂದದ್ದು ಖುಷಿ. ನೋಡಿ, ಹೋದೆ, ಆಗಲಿಲ್ಲ. ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ? ಕುಡಿಯಲಿಲ್ಲ, ಆದರೆ ಯಾವ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆಂದು ನೋಡಿಟ್ಟುಕೊಂಡೆ. ಒಂದೊಂದು ಗುಂಪೂ ತನ್ನ ಮಟ್ಟಿಗೆ ಸ್ವತಂತ್ರ, ಒಂದು ಕೆಟ್ಟಿದ್ದರೆ ಇನ್ನೊಂದೂ ಹಾಗೇ ಇರಬೇಕಿಲ್ಲ. ಇದೂ ನನ್ನ ಫೈಲಿನಲ್ಲಿ ಇತ್ತು, ನಾಲ್ಕನೇ ಸಂಪ್ರದಾಯದ ಎದುರು.

ಎರಡನೆಯದಕ್ಕೆ ಹೋಗುವ ಮೊದಲು ಅಲ್ಲಿನ ನಂಬರಿಗೆ ಫೋನ್ ಮಾಡಿ, ಹೆಂಗಸರು ಬರುತ್ತಾರಾ, ಓಪನ್ ಮೀಟಿಂಗಾ ಎಂದು ಕೇಳಿದೆ. ಓಪನ್ ಎಂದರೆ ಯಾರು ಬೇಕಾದರೂ ಬಂದು ಕೂರಬಹುದು, ಕ್ಲೋಸ್ಡ್ ಎಂದರೆ ಕುಡಿತ ಬಿಡಬೇಕೆಂದು ಇರುವವರಿಗೆ ಮಾತ್ರ. ಆ ಕಡೆಯ ಹೆಂಗಸು, “ನಾನೇ ಒಬ್ಬಳು ಇದೀನಲ್ಲ, ಇನ್ನೂ ಮೂರು ಜನ ಇದಾರೆ. ಬನ್ನಿ” ಎಂದರು. ಅವರನ್ನು ಇಲ್ಲಿ ಅಕ್ಕ ಎನ್ನುತ್ತೇನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ಆಡಿದ ಮಾತುಗಳನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಆ ಕೋಣೆಯ ಉಳಿದ ಯಾರ ಕಥೆಯೂ ಈ ಬರಹದಲ್ಲಿಲ್ಲ. ಇದ್ದಿದ್ದರೆ ಬರಹ ಇನ್ನೂ ರುಚಿಕಟ್ಟಾಗುತ್ತಿತ್ತು, ಬರೆಯುವ ಕೈ ತುರಿಸುತ್ತಲೂ ಇದೆ. ಆದರೆ ಆ ಕಥೆಗಳು ನನ್ನವಲ್ಲ.

ಮಹಡಿಯ ಮೇಲಿನ ಕೋಣೆ. ನಾನು ಕೆಳಗೆ ನಿಂತು ಫೋನಿನಲ್ಲಿ ಮಾತಾಡುವಂತೆ ನಟಿಸುತ್ತಿದ್ದೆ. ಅಕ್ಕ ಮೇಲಿನಿಂದ ಬಗ್ಗಿ ನೋಡಿ, “ಬನ್ನಿ ಬನ್ನಿ. ಈ ಮೆಟ್ಟಿಲು ಹತ್ತೋದೇ ಕಷ್ಟ. ಉಳಿದ ಹನ್ನೆರಡು ಕುರ್ಚಿ ಮೇಲೆ ಕೂತೇ ಹತ್ತೋದು” ಎಂದು ನಕ್ಕರು.

ಕೋಣೆಯಲ್ಲಿ ಎಲ್ಲರೂ ಹೆಸರು ಹೇಳಿ, ‘ನಾನು ಮದ್ಯವ್ಯಸನಿ’ ಎಂದು ಸೇರಿಸುತ್ತಿದ್ದರು. ನನ್ನ ಸರದಿ ಹತ್ತಿರ ಬಂದಂತೆ ನಾಲಗೆ ಒಣಗಿತು. ‘ಮದ್ಯವ್ಯಸನಿ’ ಎಂದರೆ ನನಗೆ ಸರಕಾರಿ ಜಾಹೀರಾತಿನ ಫಲಕ ನೆನಪಾಗುತ್ತದೆ, ಮನುಷ್ಯರು ನೆನಪಾಗುವುದಿಲ್ಲ. ಹಾಗೆಂದು ಬೇರೆ ಯಾವ ಮಾತಿದೆ? ‘ಕುಡುಕ’ ಎಂಬ ಮಾತಿನಲ್ಲಿ ಬೈಗುಳದ ಜೊತೆ ಎಲ್ಲೋ ಒಂದಿಷ್ಟು ನಗೆಯೂ ಬೆರೆತಿದೆ. ನಾಟಕದಲ್ಲಿ ಕುಡುಕ ಬಂದರೆ ಜನ ನಗುತ್ತಾರೆ. ‘ಕುಡುಕಿ’ಯಲ್ಲಿ ಆ ನಗೆ ಇಲ್ಲ, ಬೈಗುಳ ಮಾತ್ರ ಇದೆ. ಒಂದೇ ಅಳತೆಯ ಮದ್ಯ ಕುಡಿದರೂ, ಮೈಯಲ್ಲಿ ನೀರಿನಂಶ ಕಡಿಮೆಯಿರುವ ಕಾರಣ ಹೆಣ್ಣಿನ ರಕ್ತಕ್ಕೆ ಅದು ಹೆಚ್ಚು ಏರುತ್ತದೆ ಎಂದು ಓದಿದ್ದೆ. ಭಾಷೆಯೊಳಗೂ ಹಾಗೇ ಇರಬೇಕು. ಕೊನೆಗೆ, “ನಾನು ಕೇಳೋಕೆ ಬಂದಿದೀನಿ” ಎಂದೆ. ಯಾರೂ ಒತ್ತಾಯ ಮಾಡಲಿಲ್ಲ. ಮಾತು ನನ್ನನ್ನು ದಾಟಿ ಪಕ್ಕದ ಕುರ್ಚಿಗೆ ಹೋಯಿತು.

ನನ್ನನ್ನು ತಬ್ಬಿಬ್ಬು ಮಾಡಿದ್ದು ಅಲ್ಲಿನ ಮೌನ. ಒಬ್ಬರು ಮಾತು ಮುಗಿಸಿದರೆ ಎಲ್ಲರೂ ‘ಥ್ಯಾಂಕ್ಯೂ’ ಎನ್ನುತ್ತಾರೆ, ಅಷ್ಟೇ. ಯಾರೂ ಉತ್ತರಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ, ‘ನೀವು ಹೀಗೆ ಮಾಡಬೇಕಿತ್ತು’ ಎನ್ನುವುದಿಲ್ಲ. ಒಬ್ಬರು ಅಳುತ್ತಿದ್ದರೆ ಕರವಸ್ತ್ರ ಕೊಡಲು ಕೂಡ ಯಾರೂ ಎದ್ದು ಓಡಲಿಲ್ಲ. ಮೊದಲು ಅದು ಕಟುಕತನ ಅನ್ನಿಸಿತು. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲೇ ಆದರೂ ಒಂದು ಕಷ್ಟ ಹೇಳಿಕೊಂಡರೆ ಹೇಳಿ ಮುಗಿಯುವ ಮೊದಲೇ ಪರಿಹಾರ ಬಂದು ಬೀಳುತ್ತದೆ. ನಾಲ್ಕನೇ ವಾರವೋ ಐದನೇ ವಾರವೋ ನಾನೂ ಬಾಯಿಬಿಟ್ಟೆ. ಮಗಳ ಫೋನಿನ ವಿಷಯ ಹೇಳಿದೆ. ಹೇಳಿ ಮುಗಿಸಿ, ಅಭ್ಯಾಸಬಲದಿಂದ, ಬರಬಹುದಾದ ಬುದ್ಧಿಮಾತಿಗೆ ಎದುರುತ್ತರ ಜೋಡಿಸಿಕೊಂಡು ಕಾದೆ. ಏನೂ ಬರಲಿಲ್ಲ. ಥ್ಯಾಂಕ್ಯೂ. ಸಮರ್ಥಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲದಿದ್ದಾಗ ನಾನು ಆಡಿದ ಮಾತು ಕೋಣೆಯ ನಡುವೆ ಹಾಗೇ ನಿಂತಿತ್ತು. ಅದನ್ನು ನಾನೇ ನೋಡಬೇಕಾಯಿತು.

ಅದಕ್ಕೂ ಮೊದಲಿನ ವಾರಗಳಲ್ಲಿ ನಾನು ಅಲ್ಲಿ ಮಾಡುತ್ತಿದ್ದ ಕೆಲಸ ಬೇರೆ. ತಲೆಯೊಳಗೆ ಇನ್ನೊಂದು ಫೈಲು ತೆರೆದಿದ್ದೆ. ಇವರು ಕೆಲಸ ಕಳೆದುಕೊಂಡರು, ನಾನು ಕಳೆದುಕೊಂಡಿಲ್ಲ. ಇವರ ಗಾಡಿ ಗುದ್ದಿತು, ನನ್ನದು ಗುದ್ದಿಲ್ಲ. ಇವರು ಬೆಳಿಗ್ಗೆಯೇ ಕುಡಿಯುತ್ತಿದ್ದರು, ನಾನು ಸಂಜೆ ಆರರ ಒಳಗೆ ಮುಟ್ಟಿದವಳಲ್ಲ. ಪ್ರತಿ ಮೀಟಿಂಗೂ ಲಾಭದಲ್ಲೇ ಮುಗಿಯುತ್ತಿತ್ತು. ಒಂದು ದಿನ ಮೆಟ್ಟಿಲಿಳಿಯುವಾಗ ಇದನ್ನು ಅಕ್ಕನ ಮುಂದೆ ಆಡಿಯೂ ಬಿಟ್ಟೆ. “ನನಗೆ ಅಷ್ಟೆಲ್ಲ ಏನೂ ಆಗಿಲ್ಲ ಅಕ್ಕ. ಕೆಲಸ ಹೋಗಿಲ್ಲ, ಮನೆ ಮುರಿದಿಲ್ಲ.”

ಅವರು ಕಂಬಿ ಹಿಡಿದು ನಿಂತು, “ಅದರ ಹಿಂದೆ ಒಂದು ‘ಇನ್ನೂ’ ಸೇರಿಸಿ ಹೇಳಿ ನೋಡಿ” ಎಂದರು.

ಕೆಲಸ ಇನ್ನೂ ಹೋಗಿಲ್ಲ. ಮನೆ ಇನ್ನೂ ಮುರಿದಿಲ್ಲ. ಎರಡಕ್ಷರ. ಎಲ್ಲ ಗುಂಪುಗಳಲ್ಲೂ ಓಡಾಡುವ ಹಳೇ ಮಾತಂತೆ ಇದು, ಅಕ್ಕನ ಸ್ವಂತದ್ದಲ್ಲ. ಆದರೂ ಆ ರಾತ್ರಿ ತಲೆಯೊಳಗಿನ ಲಾಭನಷ್ಟದ ಪಟ್ಟಿಯನ್ನು ಒಂದೊಂದೇ ಸಾಲಾಗಿ ‘ಇನ್ನೂ’ ಹಚ್ಚಿ ಓದಿದೆ. ಮಗಳ ಸಾಲಿಗೆ ಬಂದಾಗ ಆ ಪದ ಕೂರಲಿಲ್ಲ. ಅಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ದೇವರ ವಿಷಯ ಹೇಳದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತೀರಿ. ನನಗೆ ದೇವರಿಲ್ಲ. ಎ.ಎ.ಯ ಮೆಟ್ಟಿಲುಗಳಲ್ಲಿ ಅವನು ಅಲ್ಲಲ್ಲಿ ಬರುತ್ತಾನೆ. ‘ನಾವು ಅರಿತುಕೊಂಡ ರೀತಿಯ ದೇವರು’ ಎಂಬ ಸಡಿಲಿಕೆ ಅಲ್ಲಿ ಸೇರಿದ್ದೇ ಆ ಕಾಲದ ನಂಬದ ಸದಸ್ಯರು ಪಟ್ಟು ಹಿಡಿದದ್ದರಿಂದ ಎಂದು ಓದಿ ಸ್ವಲ್ಪ ಹಾಯೆನಿಸಿತ್ತು. ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಲ್ಲುತ್ತೇನೆ, ಬಾಯಿ ತೆರೆಯುವುದಿಲ್ಲ. ಯಾರೂ ಏನೂ ಅಂದಿಲ್ಲ. ಬಗೆಹರಿದಿಲ್ಲ, ಬಗೆಹರಿಯದೆಯೂ ವಾರವಾರ ಹೋಗಬಹುದು ಎಂಬುದಷ್ಟೇ ಗೊತ್ತಾಗಿದೆ. ತೀರಾ ಕಸಿವಿಸಿಯಾಗುವವರು ಬೇರೆ ಬಗೆಯ ಗುಂಪು ಹುಡುಕಿಕೊಳ್ಳಲಿ. ಎಂಟು ತಿಂಗಳು ಮಾತ್ರ ಹುಡುಕಬೇಡಿ.

71ನೇ ದಿನ ಬಿದ್ದೆ.

ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದೆ. ಸಂಜೆ ಹೋಟೆಲಿಗೆ ಬಂದರೆ ಲಾಬಿಯ ಒಂದು ಪಕ್ಕದಲ್ಲೇ ಬಾರು. ಗಾಜಿನ ಗೋಡೆ, ಒಳಗೆ ಹಳದಿ ಬೆಳಕು, ಗಲಗಲ ಮಾತು. ಅಲ್ಲಿ ನಿಂತ ಕ್ಷಣ ನನಗೆ ನೆನಪಾದದ್ದು ಏನು ಹೇಳಲಿ? 1935ರ ಮೇ. ಅಮೆರಿಕದ ಆಕ್ರನ್ ಊರಿನ ಹೋಟೆಲಿನ ಲಾಬಿಯಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ನಿಂತಿದ್ದಾನೆ. ಬಂದ ಕೆಲಸ ಕೆಟ್ಟಿದೆ, ಕೈ ಖಾಲಿ, ಕುಡಿತ ಬಿಟ್ಟು ಐದು ತಿಂಗಳಾಗಿದೆ. ಲಾಬಿಯ ಒಂದು ತುದಿಯಲ್ಲಿ ಬಾರಿನ ಗದ್ದಲ, ಇನ್ನೊಂದು ತುದಿಯಲ್ಲಿ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಟೆಲಿಫೋನಿನ ಕಡೆ ನಡೆದ. ಒಂದೊಂದಾಗಿ ನಂಬರು ತಿರುಗಿಸಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಹೆಂಗಸಿನ ಮೂಲಕ ಡಾಕ್ಟರ್ ಬಾಬ್ ಸ್ಮಿತ್ ಎಂಬ ಕುಡುಕ ಸರ್ಜನ್ನನ ಭೇಟಿಯಾಯಿತು. ಹದಿನೈದೇ ನಿಮಿಷ ಎಂದು ಷರತ್ತು ಹಾಕಿ ಬಂದ ಡಾಕ್ಟರು ಗಂಟೆಗಟ್ಟಲೆ ಕೂತ. ಆ ಡಾಕ್ಟರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ.

ಇಷ್ಟೂ ನನಗೆ ಬಾಯಿಪಾಠ. ಅದೇ ಲಾಬಿ, ಅದೇ ಬಾರು. ಫೋನು ನನ್ನ ಕೈಯಲ್ಲೇ ಇತ್ತು, ಅದರಲ್ಲಿ ಅಕ್ಕನ ನಂಬರು ಮೊದಲನೆಯದು. ‘ಎಂಥ ಕಾಕತಾಳೀಯ, ಅಕ್ಕನಿಗೆ ಹೇಳಿದರೆ ನಗುತ್ತಾರೆ’ ಎಂದುಕೊಳ್ಳುತ್ತಲೇ ಗಾಜಿನ ಬಾಗಿಲು ತಳ್ಳಿದೆ. ಒಂದು ಎಂದುಕೊಂಡದ್ದು ಎಷ್ಟಾಯಿತೆಂದು ಲೆಕ್ಕವಿಲ್ಲ. ಲೆಕ್ಕಪತ್ರದವಳ ಮಾತು ಇದು.

ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದೆ. ಅಕ್ಕ ಎರಡನೇ ರಿಂಗಿಗೆ ಎತ್ತಿದರು. ಕುಡಿದೆ ಎಂದೆ. ನಿಟ್ಟುಸಿರು, ಅಯ್ಯೋ, ಯಾಕೆ, ಒಂದೂ ಇಲ್ಲ. “ಈಗ ಎಲ್ಲಿದೀರಿ? ನೀರು ಕುಡಿದ್ರಾ? ವಾಪಸ್ ಹೊರಡೋದು ಎಷ್ಟೊತ್ತಿಗೆ?” ಎಂದರು. ಆಮೇಲೆ ಹತ್ತು ನಿಮಿಷ ತಮ್ಮ ಮಂಡಿನೋವಿನ ಬಗ್ಗೆ, ರಾತ್ರಿ ನಿದ್ದೆ ಬಾರದ ಬಗ್ಗೆ, ಹಿಂದಿನ ದಿನ ಮಗನ ಜೊತೆ ಆದ ಮಾತಿನ ಬಗ್ಗೆ ಹೇಳಿಕೊಂಡರು. ನನ್ನ ಮನೆ ಹೊತ್ತಿ ಉರಿಯುತ್ತಿರುವಾಗ ಇವರ ಮಂಡಿಯ ಸುದ್ದಿ ನನಗೇಕೆ ಎಂದು ಒಳಗೊಳಗೇ ಸಿಡುಕುತ್ತ ಕೇಳಿಸಿಕೊಂಡೆ. ಕೇಳಿಸಿಕೊಳ್ಳುತ್ತ ಹೋದ ಹಾಗೆ ಉಸಿರಾಟ ಹದಕ್ಕೆ ಬಂತು. ಫೋನಿಡುವ ಮುಂಚೆ ಅಕ್ಕ, “ನೀವು ಮಾಡಿದ್ದು ಒಳ್ಳೇದಾಯ್ತು. ನಿನ್ನೆಯಿಂದ ನನಗೂ ಸರಿ ಇರ್ಲಿಲ್ಲ” ಎಂದರು.

ಹದಿನೆಂಟು ವರ್ಷದಿಂದ ಮುಟ್ಟದವರು. ಅವರಿಗೂ ‘ಸರಿ ಇರ್ಲಿಲ್ಲ’. ಆಕ್ರನ್ನಿನ ಕಥೆಯನ್ನು ನಾನು ಅಷ್ಟು ಸಲ ಓದಿಯೂ ಅದರ ಒಂದು ಸಾಲನ್ನು ಎತ್ತಿಕೊಂಡೇ ಇರಲಿಲ್ಲವೆಂದು ಬಸ್ಸಿನಲ್ಲಿ ಹೊಳೆಯಿತು. ಬಿಲ್ ಫೋನ್ ಮಾಡಿದ್ದು ಆ ಡಾಕ್ಟರನ್ನು ಉದ್ಧಾರ ಮಾಡಲಿಕ್ಕಲ್ಲ. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನೇ ಬಾರಿನೊಳಗೆ ಹೋಗುತ್ತೇನೆಂಬ ಭಯದಿಂದ. ಉದ್ಧಾರದ ಮಾತಾಗಿದ್ದರೆ ಆ ಡಾಕ್ಟರು ಹದಿನೈದನೇ ನಿಮಿಷಕ್ಕೇ ಎದ್ದು ಹೋಗುತ್ತಿದ್ದ.

ಮಂಗಳವಾರ ಹೋದೆ. ಎಣಿಕೆ ಮತ್ತೆ ಒಂದರಿಂದ. ‘ಹೋದ 71 ದಿನ ಎಲ್ಲೂ ಹೋಗಿಲ್ಲ, ನಿಮ್ಮ ಹತ್ರಾನೇ ಇದೆ’ ಎಂದು ಯಾರೋ ಸಮಾಧಾನ ಹೇಳಿದರು. ಲೆಕ್ಕದ ಪ್ರಕಾರ ಅದು ಸರಿಯಲ್ಲ, ಆದರೂ ತಿದ್ದಲು ಹೋಗಲಿಲ್ಲ. ಅಂದಿನಿಂದ ಕುರ್ಚಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಗಂಟೆ ಮೊದಲು ಹೋಗಿ, ಬೀಗ ತೆಗೆದು, ಮಡಚಿಟ್ಟ ಕುರ್ಚಿಗಳನ್ನು ಬಿಡಿಸಿ ಸುತ್ತ ಜೋಡಿಸುವುದು. ಬೀಗದ ಕೈ ನನ್ನ ಹತ್ತಿರವಿರುವ ಕಾರಣ ಮನಸ್ಸಿಲ್ಲದ ದಿನವೂ ಹೋಗಲೇಬೇಕು. ಅಕ್ಕನ ಉಪಾಯವೆಂದು ಆಮೇಲೆ ತಿಳಿಯಿತು. ಬಾಡಿಗೆ, ಟೀ ಎಲ್ಲಕ್ಕೂ ಬಂದವರೇ ಡಬ್ಬಿಗೆ ಹಾಕಿದ ದುಡ್ಡು, ಹೊರಗಿನವರಿಂದ ಪೈಸೆ ಮುಟ್ಟುವಂತಿಲ್ಲ. ಆ ಡಬ್ಬಿಯ ಲೆಕ್ಕ ಬರೆಯುವುದು ಮಾತ್ರ ನನಗೆ ಬೇಡವೆಂದೆ.

ಈಗ ಇವರ ವಿಷಯ.

ನಾನು ಬಿಟ್ಟು ಆರು ತಿಂಗಳಾದ ಮೇಲೂ ಇವರು ಬೀರುವಿನ ಹಿಂದೆ, ವಾಷಿಂಗ್ ಮೆಷೀನಿನ ಒಳಗೆ ಕೈಯಾಡಿಸಿ ನೋಡುವುದು ನಿಂತಿರಲಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತೆ. ಇವರು ನನ್ನ ಸ್ಟೀಲ್ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸುತ್ತಿದ್ದರು. ಒಳಗಿದ್ದದ್ದು ಬರೀ ಬಿಸಿನೀರು. ನನ್ನನ್ನು ಕಂಡು, “ವಾಸನೆ ಹಿಡಿದಿದೆಯೇನೋ, ತೊಳಿಬೇಕು ಅಂತ…” ಎಂದರು. ಮಗಳ ಹಾಗೆಯೇ, ಒಂದು ಎಳೆ ತಡವರಿಕೆ ಇಲ್ಲದೆ.

ಕುಡಿಯುವವರ ಮನೆಯವರಿಗೂ ಗುಂಪುಗಳಿವೆ ಎಂದು ಅಕ್ಕ ಹೇಳಿದರು. ಅಲ್-ಅನಾನ್ ಅಂತ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಮತ್ತು ಅವಳ ಗೆಳತಿಯೊಬ್ಬಳು ಸೇರಿ 1951ರಲ್ಲಿ ಶುರುಮಾಡಿದ್ದು. ನನ್ನ ಫೈಲಿನಲ್ಲಿ ಇದಕ್ಕೊಂದು ಸಾಲೂ ಇರಲಿಲ್ಲ ಎನ್ನುವುದನ್ನು ಗಮನಿಸಿ. 1939ರಲ್ಲಿ ಬಂದ ಎ.ಎ.ಯ ಮೂಲಪುಸ್ತಕದಲ್ಲಿ ಕುಡುಕರ ಹೆಂಡಿರಿಗೆ ಬುದ್ಧಿ ಹೇಳುವ ಒಂದು ಅಧ್ಯಾಯವಿದೆ, ಹೆಂಡತಿಯರೇ ಮಾತಾಡುವ ದನಿಯಲ್ಲಿ. ಬರೆದದ್ದು ಮಾತ್ರ ಬಿಲ್. ಬರೆಯಬೇಕೆಂದಿದ್ದ ಲೋಯಿಸಳಿಗೆ ಅದರಿಂದ ಬಹಳ ನೋವಾಗಿತ್ತಂತೆ. ಕುಡಿಯುವ ಹೆಂಡತಿಯ ಗಂಡನಿಗೆ ಆ ಪುಸ್ತಕದಲ್ಲಿ ಅಧ್ಯಾಯವೇ ಇಲ್ಲ.

ಇವರು ಮೊದಲು ಒಪ್ಪಲಿಲ್ಲ. “ನನಗೇನಾಗಿದೆ? ಕುಡಿದವಳು ನೀನು” ಎಂದರು. ಮೊಟ್ಟಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಆಡಿದ್ದು. ಆಡಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ನಾನು ಥ್ಯಾಂಕ್ಯೂ ಅನ್ನಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ. ಮೂರು ವಾರ ಕಳೆದ ಮೇಲೆ, ಯಾವ ಪೀಠಿಕೆಯೂ ಇಲ್ಲದೆ, “ಅದು ಎಲ್ಲಿರೋದು?” ಎಂದು ಕೇಳಿದರು.

ಈಗ ಗುರುವಾರ ಸಂಜೆ ನಾನೇ ಕಾರಿನಲ್ಲಿ ಬಿಟ್ಟು, ಮುಗಿಯುವವರೆಗೂ ಹೊರಗೆ ಕಾಯುತ್ತೇನೆ. ಮೊದಲ ಸಲ ಇವರು ಗೇಟಿನ ಬಳಿ ನಿಂತು ಫೋನ್ ತೆಗೆದು ಕಿವಿಗಿಟ್ಟುಕೊಂಡಾಗ ನನಗೆ ನಗು ಬಂತು. ಹೋಗಿ ಕರೆಯಲೂ ಆಗದೆ, ಬಿಡಲೂ ಆಗದೆ ಸ್ಟೀರಿಂಗ್ ಹಿಡಿದು ಕೂತೆ. ಒಳಗಿನಿಂದ ಒಬ್ಬರು ಮುದುಕರು ಬಂದು ಕರೆದುಕೊಂಡು ಹೋದರು.

ಒಳಗೆ ನನ್ನ ಬಗ್ಗೆ ಏನು ಹೇಳುತ್ತಾರೆ ಎಂದು ನನಗೆ ಗೊತ್ತಿಲ್ಲ. ಎಷ್ಟು ವರ್ಷದ ಮಾತಿದೆ, ಅದರಲ್ಲಿ ಎಷ್ಟು ಆಡಿ ಮುಗಿಯಿತು, ಎಷ್ಟು ಬಾಕಿ ಇದೆ, ಯಾವುದೂ ಗೊತ್ತಿಲ್ಲ. ನಾನು ಕೇಳುವಂತಿಲ್ಲ, ಅವರು ಹೇಳುವಂತಿಲ್ಲ. ನನ್ನ ಕೋಣೆಗೆ ಇರುವ ಕಟ್ಟಳೆಯೇ ಆ ಕೋಣೆಗೂ ಇದೆ.

ಹೋದ ಗುರುವಾರ ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಬಾಗಿಲು ತೆಗೆದು ಕೂತು, ಸೀಟ್‌ಬೆಲ್ಟ್ ಎಳೆದುಕೊಂಡು, ಅದು ಸಿಕ್ಕಿಹಾಕಿಕೊಂಡು, ಮತ್ತೆ ಎಳೆದು ಹಾಕಿಕೊಂಡರು.

“ಹೋಗೋಣ” ಎಂದರು. “ಅವಳನ್ನ ಟ್ಯೂಷನ್ನಿಂದ ಕರ್ಕೊಂಡು ಬರ್ಬೇಕು.”

ನಾನು ಗಾಡಿ ಶುರು ಮಾಡಿದೆ.